ಸಂಜೆಯ ಕೊಕ್ಕರೆ: ಜಪಾನಿನ ಒಂದು ಅಜ್ಜಿಕಥೆ ಒಪೆರಾ ಆದದ್ದು



ಒಪೆರಾ ಎಂದ ಕೂಡಲೇ ನಿಮ್ಮಲ್ಲಿ ಅರ್ಧ ಜನ ರೇಡಿಯೋದ ಕಿವಿ ಹಿಂಡಿ ಬೇರೆ ಸ್ಟೇಷನ್ನಿಗೆ ಹೋಗಿಬಿಡುತ್ತೀರಿ ಅಂತ ನಮಗೆ ಗೊತ್ತು. ಗಾಜು ಒಡೆಯುವಂಥ ತಾರಸ್ಥಾಯಿ, ಗೊತ್ತಿಲ್ಲದ ಇಟಾಲಿಯನ್ ಭಾಷೆ, ಸಾಯುವ ಮೊದಲು ಕಾಲು ಗಂಟೆ ಹಾಡುವ ನಾಯಕಿ... ಇಷ್ಟೇ ನಮ್ಮ ಕಲ್ಪನೆ. ಆದರೆ ಹಾಡಿನಲ್ಲೇ ಕಥೆ ನಡೆಸುವುದು ನಮಗೇನೂ ಹೊಸದಲ್ಲ. ಪು.ತಿ.ನ. ಅವರ ಗೀತನಾಟಕ 'ಗೋಕುಲ ನಿರ್ಗಮನ'ವನ್ನು ಬಿ.ವಿ. ಕಾರಂತರು ರಂಗಕ್ಕೆ ತಂದಿದ್ದನ್ನು ನೋಡಿದವರು ನಿಮ್ಮಲ್ಲೇ ಇದ್ದೀರಿ. ಮುಂಬೈ, ಪುಣೆಯವರಿಗಂತೂ ಮರಾಠಿ ಸಂಗೀತ ನಾಟಕ ಪಕ್ಕದ ಮನೆಯ ನೆಂಟ. ವ್ಯತ್ಯಾಸ ಇಷ್ಟೇ: ಸಂಗೀತ ನಾಟಕದಲ್ಲಿ ಮಾತು ನಡೆಯುತ್ತಿದ್ದು, ನಡುವೆ ಹಾಡು ಬರುತ್ತದೆ. ಒಪೆರಾದಲ್ಲಿ ಸಾಮಾನ್ಯವಾಗಿ ಮಾತೇ ಹಾಡಾಗಿರುತ್ತದೆ. 'ಬಾಗಿಲು ಹಾಕು' ಅನ್ನುವುದನ್ನೂ ಹಾಡಿಯೇ ಹೇಳಬೇಕು.

ಈ ಸಲ ನಾವು ಹೇಳಹೊರಟಿರುವುದು ಜಪಾನಿನ ಒಂದು ಒಪೆರಾದ ವಿಷಯ. ಹೆಸರು 'ಯೂಜುರು'. ಜಪಾನಿ ಭಾಷೆಯಲ್ಲಿ 'ಯೂ' ಎಂದರೆ ಸಂಜೆ, 'ತ್ಸುರು' ಎಂದರೆ ಕ್ರೌಂಚ ಪಕ್ಷಿ. ಎರಡೂ ಸೇರಿದಾಗ 'ತ್ಸು' ಮೆತ್ತಗಾಗಿ 'ಜು' ಆಗುತ್ತದೆ, ನಮ್ಮಲ್ಲಿ ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ ಆದ ಹಾಗೆ. ಕ್ರೌಂಚ ಎಂದರೆ ಪುಸ್ತಕದ ಮಾತಾಯಿತು. ಪಕ್ಷಿಶಾಸ್ತ್ರ ಬಲ್ಲವರು ಕ್ಷಮಿಸಬೇಕು, ಇಲ್ಲಿ ಕೊಕ್ಕರೆ ಅಂದುಬಿಡೋಣ. ಸಂಗೀತ ಇಕುಮಾ ದಾನ್ ಅವರದು, ನಾಟಕ ಜುಂಜಿ ಕಿನೋಶಿತಾ ಅವರದು. ಒಪೆರಾ ಮೊದಲು ರಂಗವೇರಿದ್ದು 1952ರ ಜನವರಿ 30ರಂದು, ಒಸಾಕಾ ನಗರದಲ್ಲಿ. ಅಂದಿನಿಂದ 800ಕ್ಕೂ ಹೆಚ್ಚು ಪ್ರದರ್ಶನಗಳನ್ನು ಕಂಡಿದೆ. ಜಪಾನಿಯರೇ ಜಪಾನಿ ಭಾಷೆಯಲ್ಲಿ ಬರೆದ ಒಪೆರಾಗಳಲ್ಲಿ ಇಷ್ಟು ಸಲ ಆಡಿದ್ದು ಇನ್ನೊಂದಿಲ್ಲ.

ಮೊದಲು ಕಥೆ.

ಹಿಮ ಬೀಳುವ ಸೀಮೆ. ಒಂಟಿ ಗುಡಿಸಲು. ಅದರಲ್ಲಿ ಯೊಹ್ಯೋ ಎಂಬ ರೈತ. ಬುದ್ಧಿ ಸ್ವಲ್ಪ ಮಂದ, ಮನಸ್ಸು ಮಾತ್ರ ಅಪ್ಪಟ. ಒಂದು ದಿನ ಬಾಣ ನೆಟ್ಟು ಬಿದ್ದಿದ್ದ ಕೊಕ್ಕರೆಯೊಂದನ್ನು ಕಂಡು ಆ ಬಾಣ ಕಿತ್ತು ಬಿಡುತ್ತಾನೆ. ಸ್ವಲ್ಪ ದಿನದಲ್ಲೇ ಎಲ್ಲಿಂದಲೋ ಚೆಂದದ ಹೆಣ್ಣೊಬ್ಬಳು ಬಂದು, ನಿನ್ನ ಹೆಂಡತಿಯಾಗುತ್ತೇನೆ ಅನ್ನುತ್ತಾಳೆ. ಅವಳ ಹೆಸರು ತ್ಸು. ಹೆಸರಿನಲ್ಲೇ ಗುಟ್ಟಿದೆ, ಆದರೆ ಯೊಹ್ಯೋಗೆ ಅದು ಹೊಳೆಯುವುದಿಲ್ಲ. ಅವಳು ಒಳಕೋಣೆ ಸೇರಿ ಮಗ್ಗದಲ್ಲಿ ಒಂದು ಬಟ್ಟೆ ನೇಯುತ್ತಾಳೆ. ನೇಯುವಾಗ ನೋಡಕೂಡದು, ಅದೊಂದೇ ಷರತ್ತು. ಅಂಥ ಬಟ್ಟೆಯನ್ನು ಆ ಸೀಮೆಯಲ್ಲಿ ಯಾರೂ ಕಂಡಿಲ್ಲ. ಉನ್‌ಜು ಎಂಬ ಊರಿನವನು ಅದನ್ನು ಪೇಟೆಯಲ್ಲಿ ಮಾರಿಕೊಡುತ್ತಾನೆ, ಯೊಹ್ಯೋ ಕೈಗೆ ಮೊದಲ ಸಲ ಹಣ ಬರುತ್ತದೆ. ಆಮೇಲೆ ಸೋದೋ ಎಂಬ ಇನ್ನೊಬ್ಬ ಬರುತ್ತಾನೆ. ಅವನ ಕಣ್ಣು ಇನ್ನೂ ದೊಡ್ಡದು. ಇನ್ನೊಂದು ನೇಯಿಸು, ಮತ್ತೊಂದು ನೇಯಿಸು, ರಾಜಧಾನಿ ತೋರಿಸಿಕೊಂಡು ಬರುತ್ತೇವೆ ಅಂತ ಇಬ್ಬರೂ ಯೊಹ್ಯೋನ ತಲೆ ಕೆಡಿಸುತ್ತಾರೆ. ನೇಯದಿದ್ದರೆ ಬಿಟ್ಟು ಹೋಗುತ್ತೇನೆ ಅಂತ ಅವನು ತ್ಸುವನ್ನು ಹೆದರಿಸುತ್ತಾನೆ. ಕೊನೆಯ ಸಲ ಎಂದು ಅವಳು ಮಗ್ಗಕ್ಕೆ ಕೂರುತ್ತಾಳೆ.

ಮೊದಲು ಆ ಇಬ್ಬರು, ಆಮೇಲೆ ಯೊಹ್ಯೋ, ಇಣುಕಿ ನೋಡುತ್ತಾರೆ. ಒಳಗೆ ಹೆಣ್ಣಿಲ್ಲ. ಒಂದು ಕೊಕ್ಕರೆ ತನ್ನ ಮೈಯ ಗರಿಯನ್ನು ತಾನೇ ಕಿತ್ತು ನೂಲಿನೊಡನೆ ನೇಯುತ್ತಿದೆ.

ಕೊನೆಗೆ ತ್ಸು ಸೊರಗಿ ಕಡ್ಡಿಯಾಗಿ ಹೊರಗೆ ಬರುತ್ತಾಳೆ. ಕೈಯಲ್ಲಿ ಎರಡು ಬಟ್ಟೆ. ಒಂದನ್ನಾದರೂ ಮಾರದೆ ಇಟ್ಟುಕೋ ಅನ್ನುತ್ತಾಳೆ. ಹಾರಲು ಬೇಕಾದಷ್ಟು ಗರಿ ಮಾತ್ರ ಮೈಮೇಲೆ ಉಳಿದಿದೆ. ಸಂಜೆಗೆಂಪಿನ ಆಕಾಶದಲ್ಲಿ ಒಂಟಿ ಕೊಕ್ಕರೆ ತಡವರಿಸುತ್ತ ಹಾರಿಹೋಗುತ್ತದೆ. ಅದನ್ನು ಮೊದಲು ಕಂಡು ಕೂಗುವುದು ಊರಿನ ಮಕ್ಕಳು.

ಬಾಣ, ಕ್ರೌಂಚ ಅಂದಾಗ ನಮ್ಮವರಿಗೆ ವಾಲ್ಮೀಕಿ ನೆನಪಾಗದೆ ಇರುವುದಿಲ್ಲ. ಅಲ್ಲಿ ಬಾಣ ತಗಲಿ ಹಕ್ಕಿ ಸತ್ತ ಶೋಕದಿಂದ ಕಾವ್ಯ ಹುಟ್ಟಿತು. ಇಲ್ಲಿ ಬಾಣ ಕಿತ್ತವನೇ ಕೊನೆಗೆ ಬಾಣ ಹೊಡೆದವರ ಪಾಳೆಯಕ್ಕೆ ಸೇರುತ್ತಾನೆ. ಇದು ನಾವು ಹೇಳುವ ಮಾತಲ್ಲ, ತ್ಸು ಹಾಡುವ ದೊಡ್ಡ ಹಾಡಿನ ಮುಖ್ಯ ಸಂಕಟವೇ ಇದು. ನನಗೆ ಬಾಣ ಬಿಟ್ಟವರ ಥರ ನೀನೂ ಆಗುತ್ತಿದ್ದೀಯಲ್ಲ, ಯಾಕೆ ಅಂತ ಅವಳು ಕೇಳುತ್ತಾಳೆ.

ಮೂಲ ಕಥೆ ಜಪಾನಿನ ಮೂಲೆ ಮೂಲೆಯಲ್ಲೂ ಇದೆ. ಕೆಲವು ಕಡೆ ಹಕ್ಕಿ ಹೆಂಡತಿಯಾಗಿ ಬರುತ್ತದೆ, ಕೆಲವು ಕಡೆ ಮಕ್ಕಳಿಲ್ಲದ ಮುದುಕ ಮುದುಕಿಯ ಮನೆಗೆ ಮಗಳಾಗಿ ಬರುತ್ತದೆ. ನೋಡಬೇಡ ಎಂದದ್ದನ್ನು ನೋಡಿದರೆ ಇದ್ದದ್ದೂ ಹೋಗುತ್ತದೆ, ಇದು ಅದರ ಗಂಟು. ಇಂಥ ಕಥೆಗಳನ್ನು ಹಳ್ಳಿಹಳ್ಳಿಯಿಂದ ಕೂಡಿಸುವ ಕೆಲಸಕ್ಕೆ ಜಪಾನಿನಲ್ಲಿ ದಾರಿ ಹಾಕಿಕೊಟ್ಟವರು ಯಾನಾಗಿತಾ ಕುನಿಯೊ. ಯುದ್ಧದ ವರ್ಷಗಳಲ್ಲಿ ಆ ಸಂಗ್ರಹಗಳನ್ನು ಓದುತ್ತಿದ್ದ ಯುವಕ ಕಿನೋಶಿತಾ. ಹುಟ್ಟಿದ್ದು 1914ರಲ್ಲಿ, ಓದಿದ್ದು ಇಂಗ್ಲಿಷ್ ಸಾಹಿತ್ಯ, ಮುಂದೆ ಷೇಕ್ಸ್‌ಪಿಯರನ್ನು ಜಪಾನಿಗೆ ತಂದ ಅನುವಾದಕ. ಅವರು ಈ ಕಥೆಯನ್ನು ಮೊದಲು 'ಕೊಕ್ಕರೆ ಹೆಂಡತಿ' ಎಂಬ ಹೆಸರಿನಲ್ಲೇ ಬರೆದರು, ಆಮೇಲೆ ಪೂರ್ತಿ ತಿದ್ದಿ 1949ರಲ್ಲಿ 'ಯೂಜುರು' ಮಾಡಿದರು. ಅದೇ ವರ್ಷ ನಾಟಕ ರಂಗಕ್ಕೆ ಬಂತು. ತ್ಸು ಪಾತ್ರವನ್ನು ಯಾಮಾಮೋತೊ ಯಾಸುಎ ಎಂಬ ನಟಿ ಒಂದು ಸಾವಿರಕ್ಕೂ ಹೆಚ್ಚು ಸಲ ಆಡಿದರು. ಸಾವಿರ ಸಲ! ನಮ್ಮ ಕಂಪನಿ ನಾಟಕದವರಿಗೆ ಮಾತ್ರ ಆ ಅಂಕಿಯ ತೂಕ ಗೊತ್ತಾದೀತು.

ಕಿನೋಶಿತಾ ಅಜ್ಜಿಕಥೆಗೆ ಸೇರಿಸಿದ್ದು ಎರಡು. ಒಂದು, ಹಣ. ಹಳೆಯ ಕಥೆಯ ಹಲವು ರೂಪಗಳಲ್ಲಿ ಗಂಡ ಕುತೂಹಲ ತಡೆಯಲಾರದೆ ನೋಡುತ್ತಾನೆ, ಅಷ್ಟೇ. ಇಲ್ಲಿ ನೋಡುವ ಮೊದಲೇ ಸಂಸಾರ ಬಿರುಕು ಬಿಟ್ಟಿರುತ್ತದೆ, ಬಿರುಕು ಬಿಡಿಸಿದ್ದು ಹಣ. ಎರಡನೆಯದು ಇದಕ್ಕಿಂತ ಸೂಕ್ಷ್ಮ. ನಮ್ಮ ಓದುಗರಿಗೆ, ಅಂದರೆ ಮನೆಯಲ್ಲೊಂದು ಭಾಷೆ, ಲಿಫ್ಟಿನಲ್ಲೊಂದು ಭಾಷೆ, ಆಫೀಸಿನಲ್ಲಿ ಮತ್ತೊಂದು ಭಾಷೆ ಆಡುವ ನಮ್ಮಂಥವರಿಗೆ, ಬೇಗ ನಾಟುವುದು ಅದೇ.

ನಾಟಕದಲ್ಲಿ ಯೊಹ್ಯೋ, ಉನ್‌ಜು, ಸೋದೋ, ಮಕ್ಕಳು ಎಲ್ಲರೂ ಹಳ್ಳಿಯ ಮಾತು ಆಡುತ್ತಾರೆ. ಅದು ಜಪಾನಿನ ಯಾವುದೇ ಒಂದು ಜಿಲ್ಲೆಯ ಮಾತಲ್ಲ. ಬೇರೆ ಬೇರೆ ಕಡೆಯ ಆಡುಮಾತನ್ನು ಬೆರೆಸಿ ಕಿನೋಶಿತಾ ತಾವೇ ಕಟ್ಟಿದ ಹಳ್ಳಿ ಭಾಷೆ. ತ್ಸು ಒಬ್ಬಳು ಮಾತ್ರ ಶುದ್ಧವಾದ ಶಿಷ್ಟ ಜಪಾನಿ ಆಡುತ್ತಾಳೆ. ಎಲ್ಲರೂ ಧಾರವಾಡದ ಕಡೆಯ ಕನ್ನಡ ಆಡುತ್ತಿರುವ ನಾಟಕದಲ್ಲಿ ಒಬ್ಬಳ ಬಾಯಲ್ಲಿ ಮಾತ್ರ ಪುಸ್ತಕದ ಕನ್ನಡ ಬಂದರೆ ಹೇಗಿರುತ್ತದೆ, ಊಹಿಸಿ. ಅವಳು ಹೆಚ್ಚು ಕಲಿತವಳು ಅಂತಲ್ಲ, ಅವಳು ಈ ಊರಿನವಳಲ್ಲ, ಈ ಲೋಕದವಳೇ ಅಲ್ಲ ಅಂತ ಕಿವಿಗೇ ತಿಳಿಯುತ್ತದೆ.

ಆಮೇಲೆ ನಾಟಕಕಾರ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಉನ್‌ಜು, ಸೋದೋ ಬಂದು ವ್ಯಾಪಾರದ ಮಾತು ತೆಗೆದಾಗ ತ್ಸುಗೆ ಅದು ಅರ್ಥವೇ ಆಗುವುದಿಲ್ಲ. ಒಪ್ಪಿಗೆಯಿಲ್ಲ ಎಂಬ ಅರ್ಥದಲ್ಲಿ ಅಲ್ಲ. ನಿಜಕ್ಕೂ ಆ ಶಬ್ದಗಳು ಅವಳಿಗೆ ಬರಿ ಸದ್ದು. ಹಕ್ಕಿಯ ಹಾಗೆ ಕತ್ತು ಓರೆ ಮಾಡಿ ನೋಡುತ್ತಾಳೆ. ಗಂಡನ ಮಾತು ಮಾತ್ರ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಮಕ್ಕಳ ಹಾಡು ಅರ್ಥವಾಗುತ್ತದೆ. ಹೀಗಿರುವಾಗ ಒಂದು ಗಳಿಗೆಯಲ್ಲಿ ಯೊಹ್ಯೋ ತಾನೇ ಹಣದ ಮಾತು ಶುರು ಮಾಡುತ್ತಾನೆ. ಇನ್ನಷ್ಟು ಬಟ್ಟೆ, ಇನ್ನಷ್ಟು ಹಣ, ರಾಜಧಾನಿ. ತಟ್ಟನೆ ತ್ಸುಗೆ ಅವನ ಮಾತೂ ಅರ್ಥವಾಗುವುದು ನಿಲ್ಲುತ್ತದೆ. ಅವನ ತುಟಿ ಆಡುವುದು ಕಾಣುತ್ತದೆ, ದನಿ ಕೇಳುತ್ತದೆ, ಆದರೆ ಅವನು ಏನು ಹೇಳುತ್ತಿದ್ದಾನೆಂದು ತಿಳಿಯುವುದಿಲ್ಲ.

ನಮ್ಮ ಮಟ್ಟಿಗೆ ಇಡೀ ಕೃತಿಯ ಕೀಲು ಇಲ್ಲಿದೆ. ಇಣುಕಿ ನೋಡುವ ದೃಶ್ಯ ಎಲ್ಲರಿಗೂ ನೆನಪಿರುತ್ತದೆ, ಆದರೆ ಅದು ಬರೀ ಪರಿಣಾಮ. ಗಂಡ ಹೆಂಡತಿ ಕಳೆದುಕೊಂಡದ್ದು ಅದಕ್ಕೂ ಮೊದಲು, ಒಬ್ಬರ ಮಾತು ಇನ್ನೊಬ್ಬರಿಗೆ ಭಾಷೆಯಾಗಿ ಉಳಿಯದೆ ಹೋದಾಗ.

ಈಗ ಸಂಗೀತಗಾರರ ವಿಷಯ. ಇಕುಮಾ ದಾನ್ 1924ರಲ್ಲಿ ಟೋಕಿಯೋದ ದೊಡ್ಡ ಮನೆತನದಲ್ಲಿ ಹುಟ್ಟಿದವರು. ಅಜ್ಜ ಮಿತ್ಸುಯಿ ಉದ್ಯಮ ಸಮೂಹದ ಮುಖ್ಯಸ್ಥರಾಗಿದ್ದು 1932ರಲ್ಲಿ ಹಂತಕನ ಗುಂಡಿಗೆ ಬಲಿಯಾದ ದಾನ್ ತಾಕುಮಾ. ಮೊಮ್ಮಗ ಹಿಡಿದದ್ದು ಸಂಗೀತದ ದಾರಿ. ರೇಡಿಯೋ ಕೇಳುವ ನಿಮಗೆ ಒಂದು ಸ್ವಾರಸ್ಯ ಹೇಳಲೇಬೇಕು. ಜಪಾನಿನಲ್ಲಿ ಬೆಳಗ್ಗೆ ರೇಡಿಯೋ ಹಾಕಿಕೊಂಡು ಅದರ ಪಿಯಾನೋ ತಾಳಕ್ಕೆ ಊರಿಗೆ ಊರೇ ವ್ಯಾಯಾಮ ಮಾಡುವ ಪದ್ಧತಿ ಇದೆ. ಅದರ ಎರಡನೆಯ ವ್ಯಾಯಾಮದ ಸಂಗೀತ ಇದೇ ದಾನ್ ಅವರದು, ಅದೂ 1952ರದೇ. ಅಂದರೆ ಒಪೆರಾ ಮನೆಗೆ ಕಾಲಿಡದ ಜಪಾನಿಯರೂ ಕೈಕಾಲು ಆಡಿಸಿರುವುದು ಅವರ ಸಂಗೀತಕ್ಕೇ. ಅಲ್ಲಿನ ಮಕ್ಕಳೆಲ್ಲ ಹಾಡುವ, ಮಾದೊ ಮಿಚಿಯೊ ಬರೆದ ಆನೆಯ ಪುಟ್ಟ ಹಾಡಿಗೂ ಅವರದೇ ರಾಗ. ಅಂದಹಾಗೆ 1949ರಲ್ಲಿ ನೆಹರೂ ಅವರು ಟೋಕಿಯೋದ ಉಎನೊ ಮೃಗಾಲಯಕ್ಕೆ ಕಳಿಸಿದ 'ಇಂದಿರಾ' ಎಂಬ ಆನೆ ನಮ್ಮ ಮೈಸೂರು ಸೀಮೆಯದು. ಹಾಡು ಆ ಆನೆಯ ಮೇಲೇ ಬರೆದದ್ದು ಎಂದು ನಾವು ಹೇಳುತ್ತಿಲ್ಲ, ಆದರೆ ಆನೆಯ ಹಾಡು ಹಾಡಿಕೊಂಡ ಆ ತಲೆಮಾರಿನ ಟೋಕಿಯೋ ಮಕ್ಕಳು ಕಣ್ಣಾರೆ ಕಂಡ ಆನೆಗಳಲ್ಲಿ ಇದೂ ಒಂದು ತಾನೆ! ಇರಲಿ, ಕೊಕ್ಕರೆಗೆ ಬರೋಣ.

1949ರ ನಾಟಕಕ್ಕೆ ಹಿನ್ನೆಲೆ ಸಂಗೀತ ಮಾಡಿದವರೂ ದಾನ್. ಇದನ್ನೇ ಒಪೆರಾ ಮಾಡುತ್ತೇನೆ ಅಂದಾಗ ಕಿನೋಶಿತಾ ಒಪ್ಪಿದರು, ಆದರೆ ತ್ಸುವಿನ ಹಾಗೆ ಒಂದು ಷರತ್ತು ಹಾಕಿದರು: ನಾಟಕದ ಒಂದು ಮಾತನ್ನೂ ಬದಲಿಸಕೂಡದು.

ಇದು ಎಂಥ ಕಟ್ಟುಪಾಡು ಎಂಬುದು ಹಾಡು ಕಟ್ಟುವವರಿಗೆ ಗೊತ್ತು. ಒಪೆರಾಕ್ಕೆ ಸಾಮಾನ್ಯವಾಗಿ ಸಾಹಿತ್ಯವನ್ನು ಬೇರೆಯೇ ಬರೆಸುತ್ತಾರೆ. ಮಾತು ಕಡಿಮೆ ಮಾಡಿ, ಸಾಲು ಅಳೆದು, ತಿರುತಿರುಗಿ ಹಾಡಲು ಪಲ್ಲವಿಯಂಥದ್ದು ಇಟ್ಟುಕೊಳ್ಳುತ್ತಾರೆ. ಯಾಕೆಂದರೆ ಮಾತಾಡುವುದಕ್ಕಿಂತ ಹಾಡುವುದಕ್ಕೆ ಬಹಳ ಹೊತ್ತು ಬೇಕು. ದಾನ್ ಕೈಯಲ್ಲಿ ಇದ್ದದ್ದು ಗದ್ಯ ಸಂಭಾಷಣೆ. ಆಡುಮಾತಿನ ತುಂಡು ತುಂಡು ವಾಕ್ಯಗಳು, ಹ್ಞೂಂ ಹ್ಞಾಂಗಳು, ಅರ್ಧಕ್ಕೆ ನಿಲ್ಲುವ ಪ್ರಶ್ನೆಗಳು. ಅದಕ್ಕೇ ಈ ಒಪೆರಾದಲ್ಲಿ ರಾಗ ಮಾತಿನ ಹಿಂದೆ ನಡೆಯುತ್ತದೆ, ಮಾತನ್ನು ಎಳೆದುಕೊಂಡು ಹೋಗುವುದಿಲ್ಲ. ಕೇಳುವವರಿಗೆ ಶುರುವಿನಲ್ಲಿ ಇದು ಒಪೆರಾದಂತೆಯೇ ಅನ್ನಿಸದೆ ಇರಬಹುದು. ಜೋರಾಗಿ ಹೇಳಿದ ಕಥೆಯಂತೆ ಕೇಳುತ್ತದೆ. ಕಟ್ಟುಪಾಡಿನಿಂದ ಲಾಭವೂ ಆಯಿತು. ಹಳ್ಳಿಮಾತು ಮತ್ತು ಶಿಷ್ಟಮಾತಿನ ಭೇದ ಹಾಗೇ ಉಳಿಯಿತು. ಗಂಡಸರ ಸಾಲುಗಳು ಮಾತಿನ ಲಯಕ್ಕೆ ಅಂಟಿಕೊಂಡು ಕುಂಟುತ್ತ ಸಾಗುತ್ತವೆ. ತ್ಸುವಿನ ಸಾಲುಗಳು ಉದ್ದಕ್ಕೆ ಹರಡಿ ಮೇಲಕ್ಕೆ ಏಳುತ್ತವೆ. ಭಾಷೆ ಬಾರದ ನಮಗೂ ಯಾರು ಯಾವ ಲೋಕದವರು ಎಂಬುದು ದನಿಯಿಂದಲೇ ಗೊತ್ತಾಗುತ್ತದೆ.

ಪಾತ್ರಗಳು ನಾಲ್ಕೇ. ತ್ಸು ಸೊಪ್ರಾನೊ, ಅಂದರೆ ಹೆಣ್ಣುದನಿಗಳಲ್ಲಿ ಎಲ್ಲಕ್ಕಿಂತ ಮೇಲಿನದು. ಯೊಹ್ಯೋ ಟೆನರ್. ಹಣದಾಸೆಯ ಇಬ್ಬರೂ ಕೆಳಗಿನ ದನಿಯವರು, ಬ್ಯಾರಿಟೋನ್ ಮತ್ತು ಬಾಸ್. ಇವರ ಸುತ್ತ ಮಕ್ಕಳ ಮೇಳ. ವಾದ್ಯಗಳು ಪಾಶ್ಚಾತ್ಯ ವಾದ್ಯವೃಂದದವು, ಆದರೆ ಮಕ್ಕಳ ಹಾಡುಗಳಲ್ಲಿ ಜಪಾನಿನ ಬೀದಿಯಾಟದ ಪದಗಳ ಐದು ಸ್ವರದ ಧಾಟಿ ಇದೆ. ನಮ್ಮ ಮೋಹನ, ಹಿಂದೋಳ ಕೇಳಿದ ಕಿವಿಗೆ ಐದು ಸ್ವರದ ರುಚಿ ಹೊಸದೇನಲ್ಲ. ಇನ್ನೊಂದು ಮಾತು: ಇಲ್ಲಿ ಮಕ್ಕಳು ಅಲಂಕಾರಕ್ಕೆ ಬರುವವರಲ್ಲ. ಹಣದ ಮಾತು ಬಾರದವರು ಇಡೀ ಊರಿನಲ್ಲಿ ತ್ಸು ಮತ್ತು ಅವರು ಮಾತ್ರ. ಅವರ ಜೊತೆ ಆಟಕ್ಕೆ ನಿಂತಾಗಲೇ ಅವಳು ನಗುವುದು.

ಒಪ್ಪಿಕೊಳ್ಳಬೇಕಾದ ಕೊರತೆಯೂ ಇದೆ. ಉನ್‌ಜು ಮತ್ತು ಸೋದೋ ಸ್ವಲ್ಪ ಏಕತಾನದ ಪಾತ್ರಗಳು. ಉನ್‌ಜುವಿನ ಮನಸ್ಸು ಒಂದೆರಡು ಸಲ ಅಳುಕುತ್ತದೆ, ಸೋದೋಗೆ ಅದೂ ಇಲ್ಲ. ಕೇಡೆಲ್ಲ ಹೊರಗಿನಿಂದ ಬಂತು, ಪಾಪ ಯೊಹ್ಯೋ ಏನೂ ಅರಿಯದವನು ಎಂದು ಕೆಲವು ಪ್ರದರ್ಶನಗಳು ತೋರಿಸಿಬಿಡುತ್ತವೆ. ನಮಗೆ ಅದು ಸರಿ ಅನ್ನಿಸುವುದಿಲ್ಲ. ನೇಯಿಸು ಅಂತ ಹೇಳಿಕೊಟ್ಟವರು ಅವರಿರಬಹುದು, ಬಿಟ್ಟು ಹೋಗುತ್ತೇನೆ ಅಂತ ಹೆದರಿಸಿದ್ದು ಗಂಡನೇ.

ಕಾಲವನ್ನೂ ಸ್ವಲ್ಪ ನೆನೆಯಬೇಕು. ನಾಟಕ ಬಂದಾಗ ಜಪಾನ್ ಯುದ್ಧದಲ್ಲಿ ಸೋತು ಸುಟ್ಟುಹೋಗಿದ್ದ, ಅಮೆರಿಕದ ಮುಂದಾಳತ್ವದ ಪಡೆಗಳ ಆಡಳಿತದಲ್ಲಿದ್ದ ದೇಶ. ಒಪೆರಾ ತೆರೆಕಂಡ ಮೂರು ತಿಂಗಳಿಗೆ, 1952ರ ಏಪ್ರಿಲ್ 28ಕ್ಕೆ, ಆ ಆಡಳಿತ ಮುಗಿಯಿತು. ಕಾಳಸಂತೆಯ ಅಕ್ಕಿ ತಿಂದು ಬದುಕಿದ ಜನಕ್ಕೆ ಹಣ ಬಂದಾಗ ಮನುಷ್ಯರ ಮಾತು ಹೇಗೆ ಬದಲಾಗುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಪೆರಾ ಲೋಕಕ್ಕೆ ಅಲ್ಲಿಯವರೆಗೆ ಗೊತ್ತಿದ್ದ ಜಪಾನೀ ಹೆಣ್ಣು ಎಂದರೆ ಪುಚ್ಚೀನಿ 1904ರಲ್ಲಿ ಇಟಲಿಯಲ್ಲಿ ಕೂತು ಚಿತ್ರಿಸಿದ 'ಮದಾಮ ಬಟರ್‌ಫ್ಲೈ'. ಯಾಮಾದಾ ಕೋಸಾಕು ಮುಂತಾದವರು ಜಪಾನಿ ಒಪೆರಾ ಬರೆದಿದ್ದರೂ ಅವು ಹೊರಗೆ ಹೋಗಿದ್ದು ಕಡಿಮೆ. 'ಯೂಜುರು' ಪರಿಷ್ಕಾರಗೊಂಡು 1957ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ರಂಗವೇರಿತು. ದಾನ್ ಆಮೇಲೂ ಒಪೆರಾ ಬರೆದರು. 1997ರಲ್ಲಿ ಟೋಕಿಯೋದ ಹೊಸ ರಾಷ್ಟ್ರೀಯ ರಂಗಮಂದಿರ ಬಾಗಿಲು ತೆರೆದದ್ದೇ ಅವರ 'ತಾಕೆರು' ಒಪೆರಾದಿಂದ. 2001ರಲ್ಲಿ ತೀರಿಕೊಂಡರು. ಕಿನೋಶಿತಾ 2006ರವರೆಗೆ ಇದ್ದರು. ಜನ ಇಂದಿಗೂ ಇಬ್ಬರನ್ನೂ ಮೊದಲು ನೆನೆಯುವುದು ಕೊಕ್ಕರೆಯಿಂದಲೇ.

ಇಷ್ಟು ಸಲ ಆಡಿದ್ದಕ್ಕೆ ಇದು ಒಂದು ಬಗೆಯ ಕ್ಯಾಲೆಂಡರ್ ಚಿತ್ರವೂ ಆಗಿಹೋಗಿತ್ತು: ಹುಲ್ಲಿನ ಗುಡಿಸಲು, ಬಿಳಿ ಕಿಮೋನೊ, ಕಾಗದದ ಹಿಮ. 2021ರಲ್ಲಿ ತೋಶಿಕಿ ಒಕಾದಾ ಎಂಬ ನಾಟಕ ನಿರ್ದೇಶಕರು ಟೋಕಿಯೋದಲ್ಲಿ ಇದನ್ನು ಕೈಗೆತ್ತಿಕೊಂಡು ಆ ಚಿತ್ರವನ್ನು ಒರೆಸಿಹಾಕಿದರು. ಕಥೆಯನ್ನು ಇಂದಿನ ಕಾಲಕ್ಕೆ, ಇಂದಿನ ಉಡುಪಿಗೆ ತಂದು, ಹೆಂಡತಿಯ ಮೈಯನ್ನು ಸವೆಸಿ ಬಂದ ದುಡ್ಡಿನ ಪ್ರಶ್ನೆಯನ್ನು ನೋಡುವವರ ಮುಂದೆಯೇ ಇಟ್ಟರು. ಹಿಮ ಬೇಕು ಎನ್ನುವವರು ಜಪಾನಿನಲ್ಲಿ ಇನ್ನೂ ಇದ್ದಾರೆ. ಇರಬೇಕಾದದ್ದೇ.

ಇಷ್ಟೆಲ್ಲ ಓದಿದ ಮೇಲೆ 'ಈ ಕಥೆ ನಮ್ಮಲ್ಲೂ ಇದೆಯಲ್ಲ' ಎಂದು ನಿಮಗೆ ಅನ್ನಿಸಿದ್ದರೆ, ಸರಿಯಾಗಿಯೇ ಅನ್ನಿಸಿದೆ. ಹೂವಿನ ಮರವಾಗುವ ಹುಡುಗಿಯ ಕಥೆ ನೆನಪು ಮಾಡಿಕೊಳ್ಳಿ. ಬಡ ತಾಯಿಯ ಕಿರಿಮಗಳು, ಮೇಲೆ ಒಂದು ಬಿಂದಿಗೆ ನೀರು ಸುರಿದರೆ ಹೂಬಿಟ್ಟ ಮರವಾಗುತ್ತಾಳೆ, ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಹುಡುಗಿ. ಅರಮನೆಯ ಹುಡುಗ ಮದುವೆಯಾಗಿ, ಮರವಾಗು ಎಂದು ಕಾಡುತ್ತಾನೆ. ನಾದಿನಿ ಅವಳನ್ನು ಮರ ಮಾಡಿಸಿ, ಗೆಳತಿಯರೊಡನೆ ಕೊಂಬೆ ಮುರಿದು, ಅರ್ಧ ಮನುಷ್ಯಳು ಅರ್ಧ ಮರವಾಗಿ ಬಿಟ್ಟು ಹೋಗುತ್ತಾಳೆ. ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಕೂಡಿಸಿ ಇಂಗ್ಲಿಷಿಗೆ ತಂದ ಕಥೆ ಇದು. ಗಿರೀಶ್ ಕಾರ್ನಾಡರು 1992ರಲ್ಲಿ ಇದರಿಂದಲೇ 'ಚೆಲುವಿ' ಎಂಬ ಹಿಂದಿ ಚಿತ್ರ ಮಾಡಿದರು. ನಮ್ಮವರಲ್ಲಿ ಕೆಲವರಿಗಷ್ಟೇ ಗೊತ್ತಿರುವ ಸಂಗತಿ: ಇದೂ ಒಪೆರಾ ಆಗಿದೆ. ಅಮೆರಿಕದ ಜಾನ್ ಆಡಮ್ಸ್ ಸಂಗೀತ ಕೊಟ್ಟು, ಪೀಟರ್ ಸೆಲ್ಲರ್ಸ್ ನಿರ್ದೇಶಿಸಿ, 2006ರ ನವೆಂಬರಿನಲ್ಲಿ ವಿಯೆನ್ನಾದಲ್ಲಿ ಆಡಿಸಿದರು. ನಾಯಕಿಯ ಹೆಸರು ಕುಮುದಾ. ಹಾಡಿದ ಮೇಳ ವೆನೆಜುವೆಲಾದ್ದು, ಮೇಳದ ಸಾಹಿತ್ಯ ಸ್ಪ್ಯಾನಿಷ್. ನಮ್ಮ ಅಜ್ಜಿಯರು ಊಟ ಹಾಕುತ್ತ ಹೇಳಿದ ಕಥೆ ಎಲ್ಲಿಂದ ಎಲ್ಲಿಗೆ!

ಎರಡನ್ನೂ ಪಕ್ಕದಲ್ಲಿಟ್ಟು ಕೇಳಿ. ಎರಡರಲ್ಲೂ ಹೆಣ್ಣು ತನ್ನ ಮೈಯಿಂದಲೇ ಮಾರುವ ವಸ್ತು ಕೊಡುತ್ತಾಳೆ, ಒಂದರಲ್ಲಿ ಹೂವು, ಒಂದರಲ್ಲಿ ಬಟ್ಟೆ. ಎರಡರಲ್ಲೂ ಗಂಡನಾದವನೇ ಇನ್ನಷ್ಟು ಕೇಳುತ್ತಾನೆ. ಆದರೆ ನಮ್ಮ ಕಥೆಯಲ್ಲಿ ಗಂಡ ಅಲೆದು ಬೆಂದು ಬರುತ್ತಾನೆ, ಮುರಿದ ಕೊಂಬೆಗಳನ್ನು ಎತ್ತಿ ಕೂಡಿಸಿ ನೀರು ಹೊಯ್ಯುತ್ತಾನೆ, ಹುಡುಗಿ ಮತ್ತೆ ಇಡಿಯಾಗುತ್ತಾಳೆ. ಕೊಕ್ಕರೆಗೆ ಎರಡನೆಯ ಬಿಂದಿಗೆ ಇಲ್ಲ. ಕಿತ್ತ ಗರಿ ಬಟ್ಟೆಯಾಗಿಬಿಟ್ಟಿರುತ್ತದೆ.

ಕೇಳಬೇಕು ಅನ್ನಿಸಿದವರಿಗೆ: 'ಯೂಜುರು' ಒಂದೇ ಅಂಕದ ಒಪೆರಾ, ಧ್ವನಿಮುದ್ರಿಕೆಗಳು ಸಿಗುತ್ತವೆ. ಪೂರ್ತಿ ಕೇಳಲು ವ್ಯವಧಾನ ಇಲ್ಲದಿದ್ದರೆ ಎರಡು ಜಾಗ ಸಾಕು. ಮೊದಲನೆಯದು, ತ್ಸು ಒಬ್ಬಳೇ ನಿಂತು ಗಂಡನ ಹೆಸರು ಹಿಡಿದು ಹಾಡುವ ಹಾಡು. ಜಪಾನಿನ ಗಾಯಕಿಯರು ಕಛೇರಿಗಳಲ್ಲಿ ಬಿಡಿಯಾಗಿಯೂ ಹಾಡುವುದು ಇದನ್ನೇ. ಎರಡನೆಯದು ಕೊನೆ. ಹೊರಗೆ ಮಕ್ಕಳು ತ್ಸುವನ್ನು ಆಟಕ್ಕೆ ಕರೆಯುತ್ತಿರುತ್ತಾರೆ. ಸೋದೋ ಆ ಬಟ್ಟೆಗೆ ಕೈ ಹಾಕುತ್ತಾನೆ. ಮಂದಬುದ್ಧಿಯ ಯೊಹ್ಯೋ ಆಕಾಶ ನೋಡುತ್ತ ನಿಂತಿದ್ದಾನೆ. ಹೆಂಡತಿಯ ಹೆಸರು ಬಿಟ್ಟರೆ ಬೇರೆ ಮಾತು ಅವನ ಬಾಯಿಂದ ಬರುವುದಿಲ್ಲ. ಬಟ್ಟೆಯನ್ನು ಮಾತ್ರ ಅವನು ಬಿಡುವುದಿಲ್ಲ.